ಈಶಾನ್ಯದ ಮೂಲೆ

ಸಾಲಗಾಮೆ ರಸ್ತೆಯಿಂದ ಒಳಗೆ, ಆಲೂಗಡ್ಡೆ ಅಗೆದು
ಇನ್ನೂ ಸಾಲು ಮಾಸದ ಹೊಲದಲ್ಲಿ
ದ್ಯಾವಯ್ಯ ಸುಣ್ಣದ ಪುಡಿ ಬಿಡುತ್ತ
ಹಿಂದೆ ಹಿಂದೆ ಹೆಜ್ಜೆ ಇಡುತ್ತಾನೆ.
ಬೆನ್ನ ಹಿಂದೆ ಅವನಿಗೆ ಇನ್ನೂ ಹೊಲ,
ಕಣ್ಣ ಮುಂದೆ ಆಗಲೇ ಬಡಾವಣೆ.

ಟೇಪಿನ ಈ ತುದಿ ನನ್ನ ಕೈಲಿ.
ಅಡ್ಡರಸ್ತೆ ಒಂಬತ್ತು ಮೀಟರು, ಮುಖ್ಯರಸ್ತೆ ಹನ್ನೆರಡು,
ಮುಂದೆ ದಾರಿಯಿಲ್ಲದ ರಸ್ತೆಯ ಕೊನೆಗೊಂದು ಬಟ್ಟಲು,
ನೀರಿನ ಟ್ಯಾಂಕರಿನವನು ರಿವರ್ಸಿನಲ್ಲಿ
ಊರಿನವರ ಬೈಗುಳ ತಿನ್ನದಿರಲಿ ಎಂದು.
ನಿಯಮದ ಪುಸ್ತಕದಲ್ಲಿ ಬೈಗುಳ ಎಂದಿಲ್ಲ,
ತಿರುವಿನ ತ್ರಿಜ್ಯ ಎಂದಿದೆ.

ಮೂಲೆ ಎಂದೂ ಇಲ್ಲ. ದೃಷ್ಟಿ ತ್ರಿಕೋನ.
ಎರಡು ರಸ್ತೆ ಕೂಡುವಲ್ಲಿ ಪ್ರತಿ ಸೈಟೂ
ಇತ್ತ ಮೂರು ಮೀಟರು, ಅತ್ತ ಮೂರು ಮೀಟರು
ಮೂತಿ ಕುಯ್ಸಿಕೊಂಡು ಬಯಲು ಬಿಡಬೇಕು.
ಮುಕ್ಕಾಲು ಮೀಟರಿಗಿಂತ ಎತ್ತರದ್ದು
ಅಲ್ಲಿ ಏನೂ ಇರಕೂಡದು.

ಯೋಗಣ್ಣ ಜೀಪಿಳಿದು ಬಂದರು, ಫ್ಲಾಸ್ಕಿನ ಸಮೇತ.
"ಕಾಪಿ ಕುಡೀರಿ ಮೇಡಂ. ಈ ನಲವತ್ತೊಂದನೇ ಸೈಟು
ಒಂದು ಬಿಟ್ಬಿಡಿ. ಈಶಾನ್ಯ ಕುಯ್ದರೆ
ಮನೆ ಯಜಮಾನನ ತಲೆ ಕುಯ್ದಂಗೆ, ಯಾರ್ ತಗೋತಾರೆ?
ನಲವತ್ತೆಂಟು ಚದರಡಿ. ನಿಮಗೆ ಅದೊಂದು ಗೆರೆ,
ನಂಗೆ ಲಕ್ಷದ ಮೇಲೆ ಚಿಲ್ಲರೆ."

ನಕ್ಷೆ ಬಿಚ್ಚಿ ನೋಡಿದೆ.
ನಾಲ್ಕು ದಾರಿ ಕೂಡುವ ಕಡೆ ನಾಲ್ಕು ಮನೆ
ತಲಾ ಒಬ್ಬ ದೇವರನ್ನು ಬೀದಿಗೆ ಕೊಡಬೇಕು.
ಅಗ್ನಿ ಸುಮ್ಮನಿದ್ದ. ನಿರುತಿ ಗೊಣಗಲಿಲ್ಲ.
ವಾಯು, ಬಯಲು ಸಿಕ್ಕಿತೆಂದು, ಬೀಸಿಯೇ ಬೀಸಿ
ದ್ಯಾವಯ್ಯನ ಗೆರೆಯನ್ನೆಲ್ಲ ಅಳಿಸುತ್ತಿದ್ದ.
ಈಶಾನನೊಬ್ಬನದೇ ತಕರಾರು,
ಅದೂ ಯೋಗಣ್ಣನ ಬಾಯಲ್ಲಿ.

ಗದ್ದದ ಕೆಳಗೆ ನನಗೆ ಮೂರು ಹೊಲಿಗೆ.
ಆಗ ಒಂಬತ್ತು ವರ್ಷ, ಬಾಡಿಗೆ ಸೈಕಲ್ಲು,
ಗಂಟೆಗೆ ಎರಡು ರೂಪಾಯಿ, ಇನ್ನೂ ಹತ್ತು ನಿಮಿಷ ಬಾಕಿ.
ಹಳೇ ಎಕ್ಸ್‌ಟೆನ್ಷನ್ನಿನ ಏಳನೇ ಕ್ರಾಸು.
ಮೂಲೆಮನೆ ಲೆಕ್ಚರರ ಕಾಂಪೌಂಡು
ಎಂಟು ದಿಕ್ಕೂ ಪೂರ್ತಿ, ಚೂಪು,
ಮೇಲೆ ಗಾಜಿನ ಚೂರು.
ಗೋಡೆಯಾಚೆಯಿಂದ ಬಂದದ್ದು ಸೀಮೆಎಣ್ಣೆ ಗಾಡಿ.
ಎತ್ತು ನನಗಿಂತ ಮೊದಲು ಬೆದರಿತು.
ಅದು ನಿಂತಿತು, ನಾನು ನಿಲ್ಲಲಿಲ್ಲ.
ಲೆಕ್ಚರರೇ ಓಡಿ ಬಂದು ಗಾಯಕ್ಕೆ ಟಿಂಚರು ಹಚ್ಚಿದರು,
ಬಾಯಿಗೆ ಬೆಲ್ಲ ಕೊಟ್ಟರು. ಒಳ್ಳೆಯವರು.
ಗೋಡೆ ಹಾಗೇ ಇದೆ.

ಯೋಗಣ್ಣನಿಗೆ ಇದೇನೂ ಹೇಳಲಿಲ್ಲ.
ಕಾಪಿ ಕುಡಿದೆ, ಸಕ್ಕರೆ ಜಾಸ್ತಿಯಾಗಿತ್ತು.
"ಸಾಹೇಬರ ಹತ್ತಿರ ಮಾತಾಡ್ತೀನಿ" ಎಂದರು.
ಮಾತಾಡಿ ಎಂದೆ.
ದ್ಯಾವಯ್ಯನಿಗೆ, ಹಾಕು ಎಂದೆ.
ಅವನು ಮುಷ್ಟಿ ಸಡಿಲಿಸಿದ, ಓರೆಗೆರೆ ಬಿತ್ತು,
ಗಾಳಿ ಅಳಿಸಿತು, ಮತ್ತೆ ಹಾಕಿದ,
ಕೊನೆಗೆ ಎರಡು ಗೂಟ ಹೊಡೆದ.

ಒಂದೂವರೆ ವರ್ಷ ಬಿಟ್ಟು
ಚರಂಡಿಯ ದೂರು ನೋಡಲು ಹೋದೆ.
ನಲವತ್ತೊಂದರಲ್ಲಿ ಮನೆ ಎದ್ದಿದೆ. ಕಾಂಪೌಂಡು
ಮೂಲೆಯಲ್ಲಿ ಒಲ್ಲದ ಮನಸ್ಸಿನಿಂದ ಓರೆಗೆ ಸರಿದಿದೆ.
ಯಜಮಾನರು ತಲೆ ಸಮೇತ ಗೇಟಿನಲ್ಲಿ ನಿಂತು
ಸ್ಕೂಟರು ಒರೆಸುತ್ತಿದ್ದಾರೆ.

ಹೊರಗುಳಿದ ಆ ಮುಕ್ಕೋಣದಲ್ಲಿ
ಗೋಣಿತಾಟು ಹಾಸಿ, ಕಾಕಡ, ಸೇವಂತಿಗೆ ಹರಡಿ
ಹೊಂಬಮ್ಮ ಎಂಬಾಕೆ ಕೂತಿದ್ದಾಳೆ.
ಆ ಕಡೆಯಿಂದ ಬರುವವರಿಗೂ ಕಾಣುತ್ತಾಳೆ,
ಈ ಕಡೆಯಿಂದ ಬರುವವರಿಗೂ.
ಅದಕ್ಕೇ ಅಲ್ಲಿ ಕೂತಿದ್ದಂತೆ. ವ್ಯಾಪಾರ ಚೆನ್ನಾಗಿದೆಯಂತೆ.

ಪುಸ್ತಕದ ಪ್ರಕಾರ ಎಬ್ಬಿಸಬೇಕು.
ಕೂತರೆ ಹೊಂಬಮ್ಮ ಎಷ್ಟು ಎತ್ತರ?
ಮುಕ್ಕಾಲು ಮೀಟರೋ, ತುಸು ಮೇಲೋ,
ತುರುಬು ಲೆಕ್ಕಕ್ಕೆ ಬರುತ್ತದೋ ಇಲ್ಲವೋ?
ಟೇಪು ಚೀಲದಲ್ಲೇ ಇತ್ತು.

ಎರಡು ಮೊಳ ಕೇಳಿದೆ.
ಮೊಣಕೈಯಿಂದ ಬೆರಳ ತುದಿವರೆಗೆ ಎಳೆದಳು ಒಂದು.
ಎರಡನೆಯದಕ್ಕೆ ಬೆರಳು ಮುಗಿದ ಮೇಲೂ
ನಾಲ್ಕು ಹೂ ಬಿಟ್ಟು
ದಾರ ಕಡಿದಳು.