ಕೀಲಿಕೈ ಕೊಡುವಾಗ ಹೇಳುವ ಮಾತು

ಇದು ಬೀದಿಬಾಗಿಲಿನದು, ಈ ಸಣ್ಣದು ಕೋಣೆಯದು.
ಬಿಸಿನೀರು ಬರುವ ಮುಂಚೆ ಕೊಳಾಯಿ ಕೆಮ್ಮುತ್ತದೆ, ಗಾಬರಿ ಬೇಡ.
ಇನ್ನು ಊಟದ ವಿಚಾರ.
ಕೇಳದವರಿಗೂ ಹೇಳುತ್ತೇನೆ, ನನ್ನ ಚಾಳಿ ಅದು.

ಕೊಯಿಂಬ್ರಾದಲ್ಲಿ ವಿಶ್ವವಿದ್ಯಾಲಯ ಗುಡ್ಡದ ನೆತ್ತಿಯಲ್ಲಿದೆ,
ಒಳ್ಳೆಯ ಒಲೆಗಳೆಲ್ಲ ಬುಡದಲ್ಲಿ.
ಓದಲು ಹತ್ತಬೇಕು, ಉಣ್ಣಲು ಇಳಿಯಬೇಕು.
ಇಲ್ಲಿಯ ಹುಡುಗರಿಗೆ ಮೊದಲ ವರ್ಷ ಬಲಿಯುವುದು
ಬುದ್ಧಿಯಲ್ಲ, ಮೀನಖಂಡ.

ಬೆಳಗಿನ ಕಾಫಿಗೆ ಚೌಕದ ಕುರ್ಚಿಗಳಲ್ಲಿ ಕೂರಬೇಡಿ.
ಅಲ್ಲಿ ದುಡ್ಡು ತೆರುವುದು ಕುರ್ಚಿಗೆ.
ಪೇಟೆಯ ಹಿಂದೆ, ಮೀನು ತೊಳೆದ ನೀರು ಹರಿಯುವ ಕಡೆ,
ಇಡಾಲಿನಾಳ ಗೂಡಂಗಡಿ.
ನಿಂತೇ ಕುಡಿಯಬೇಕು. ಮೊಣಕೈಯೂರಲು ಒಂದು ತಗಡಿನ ಹಲಗೆ.
ಹೆಬ್ಬೆರಳುದ್ದ ಲೋಟ, ಕಡುಕಪ್ಪು.
ಸಕ್ಕರೆ ಕೇಳಿದರೆ ಕೊಡುತ್ತಾಳೆ,
ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡುತ್ತಾ.

ಸಿಹಿ ಬೇಕೆಂದರೆ ಸೇತುವೆ ದಾಟಿ ಆಚೆ ದಡಕ್ಕೆ ಹೋಗಿ.
ಹಿಂದೆ ಮಠದ ಸನ್ಯಾಸಿನಿಯರು
ಮೊಟ್ಟೆಯ ಬಿಳಿಯಿಂದ ಬಟ್ಟೆಗೆ ಗಂಜಿ ಹಾಕಿ
ಮಿಕ್ಕ ಹಳದಿಯಲ್ಲಿ ಸ್ವರ್ಗ ಮಾಡಿದರಂತೆ.
ಎರಡು ತಿನ್ನಿ. ಮೂರನೆಯದು ಪಾಪ.

ವೈನ್? ಮನೆಯದನ್ನೇ ಕೇಳಿ, ಹೂಜಿಯಲ್ಲಿ ಬರುವುದನ್ನು.
ಬಾಟಲಿಯದು, ಚೀಟಿ ಓದುವವರಿಗೆ.

ಮೇ ತಿಂಗಳಲ್ಲಿ, ರಿಬ್ಬನ್ನು ಸುಡುವ ಹಬ್ಬದ ವಾರ, ಎಲ್ಲೂ ಹೋಗಬೇಡಿ.
ಕಪ್ಪು ನಿಲುವಂಗಿಯವರು ಬೀದಿಯನ್ನೇ ಕುಡಿದು ಮುಗಿಸಿರುತ್ತಾರೆ.
ನನ್ನ ಅಡುಗೆಮನೆಯಲ್ಲಿ ಎಲೆಕೋಸಿನ ಸಾರು ಇದ್ದೇ ಇರುತ್ತದೆ,
ಬಿಲ್ಲಿಗೆ ಸೇರಿಸುವುದಿಲ್ಲ.
ಸರಿ, ಅರ್ಧ ಸೇರಿಸುತ್ತೇನೆ.

ಆದರೆ ರಾತ್ರಿಯೂಟಕ್ಕೆ ಎರ್ಮೀನಿಯುವಿನ ಜಾಗ.
ಬೋರ್ಡಿಲ್ಲ. ವೈನಿನಲ್ಲಿ ಆಡಿನ ಮಾಂಸ ಬೇಯುವ ವಾಸನೆ ಹಿಡಿದು ಹೋಗಿ,
ಮೂಗು ಎಡಕ್ಕೆಳೆದರೆ ಎಡಕ್ಕೆ.
ಆರು ಮೇಜು, ಕರಿ ಮಣ್ಣಿನ ಮಡಕೆ.
ಅವನು ಹೋಗಿ ಹನ್ನೊಂದು ವರ್ಷ, ಈಗ ಸೌಟು ಮಗಳು ಅಲ್ಬೆರ್ಟೀನಾಳ ಕೈಯಲ್ಲಿ.
ಕದದ ಹಿಂದಿನ ಮೊಳೆಯಲ್ಲಿ ಅಪ್ಪನ ಸಾಲದ ಪುಸ್ತಕ
ಇನ್ನೂ ತೂಗುತ್ತಿದೆ:
ಸಾರು ಒಂದು. ಸಾರು, ಬ್ರೆಡ್ಡು. ಅರ್ಧ ಲೀಟರು.
ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆ.

ಹೋದ ಅಕ್ಟೋಬರಿನಲ್ಲಿ ನಿಮ್ಮ ಇದೇ ಕೋಣೆಯಲ್ಲಿದ್ದವರು
ಬಿಳಿ ಮೀಸೆಯ ಒಬ್ಬ ಡಾಕ್ಟರು, ಉತ್ತರದ ಕಡೆಯವರು.
ಊಟ ಮುಗಿಸಿ ಬಂದು, ಬೂಟು ಕೈಯಲ್ಲಿ ಹಿಡಿದು
ಈ ಮೆಟ್ಟಿಲ ಮೇಲೆ ಕೂತುಬಿಟ್ಟರು.
ಅರವತ್ತೊಂಬತ್ತರ ಪುಟ ತೆಗೆಸಿದರಂತೆ.
ಹುಡುಗರು ಪರೀಕ್ಷೆಗೆ ಬೆನ್ನು ತಿರುಗಿಸಿದ ವರ್ಷ ಅದು;
ಮುಂದೆ ನಿಂತವರನ್ನು ಹೆಸರು ಹಿಡಿದು ಕರೆದು
ಸಮವಸ್ತ್ರ ತೊಡಿಸಿದರು.
ಪುಟದಲ್ಲಿ ಅಡೆರಿಟು, ಏಳು ಸಾರು.
ಗಿನಿಯ ಯುದ್ಧದಿಂದ ಅಡೆರಿಟು ಬರಲಿಲ್ಲ.

‘ಏಳರಲ್ಲಿ ಮೂರು ನಾನುಂಡದ್ದು’ ಎಂದರು ಡಾಕ್ಟರು,
‘ಅವನ ಹೆಸರು ಹೇಳಿ.
ನನ್ನ ಹೆಸರಿಗೆ ಆಗಲೇ ಸಾಲ ಹುಟ್ಟುತ್ತಿರಲಿಲ್ಲ.’
ಏಳಕ್ಕೂ ಕೊಡಲು ಹೋದರೆ ಅಲ್ಬೆರ್ಟೀನಾ ನೋಟನ್ನು ಬೆಳಕಿಗೆ ಹಿಡಿದು ನೋಡಿ,
ಮೂರು ಸಾರಿನ ದುಡ್ಡು, ಇವತ್ತಿನ ದರದಲ್ಲೇ, ಮುರಿದುಕೊಂಡು,
ಚಿಲ್ಲರೆಯನ್ನು ಒಂದೊಂದಾಗಿ ಎಣಿಸಿಟ್ಟಳಂತೆ.
ಮೂರು ಗೀಟು ಹೊಡೆದಳು.
‘ನಾಲ್ಕು ಅವರದ್ದು. ಅವರೇ ಬಂದು ಕೊಡಲಿ.’
ಪುಸ್ತಕ ಮತ್ತೆ ಮೊಳೆಗೆ.

ಡಾಕ್ಟರು ನಕ್ಕರೋ ಅತ್ತರೋ, ಮೆಟ್ಟಿಲ ದೀಪ ಕೆಟ್ಟಿತ್ತು.
ಇನ್ನೂ ಸರಿ ಮಾಡಿಸಿಲ್ಲ, ಕಾಲು ನೋಡಿ ಇಡಿ.

ಅಲ್ಲಿ ಕಾರ್ಡು ನಡೆಯುವುದಿಲ್ಲ, ಚಿಲ್ಲರೆ ಒಯ್ಯಿರಿ.
ಆಲಿವ್ ಬೇಡವೆಂದರೆ ಮೊದಲೇ ಹೇಳಿ, ಮುಟ್ಟಿದರೆ ಲೆಕ್ಕ.
ಮಂಗಳವಾರ ರಜೆ.

ಇವತ್ತು ಯಾವ ವಾರ?
ಅಯ್ಯೋ.
ಚೀಲ ಅಲ್ಲೇ ಇಡಿ, ಬನ್ನಿ,
ಕೋಸಿನ ಸಾರು ಇನ್ನೂ ಬಿಸಿಯಿದೆ.