ನೆಕ್ಕಿದ್ದು

ಕೊಟ್ಟಿಗೆಯ ಮೂಲೆಗೆ ಆ ಬ್ಯಾಟರಿಯನ್ನು
ಒರಗಿಸಿಟ್ಟವಳು ನಾನೇ.
ಟ್ರ್ಯಾಕ್ಟರಿನಿಂದ ಬಿಚ್ಚಿದ್ದು, ಸತ್ತದ್ದು.
ಸೋಮವಾರ ಬರುತ್ತೇನೆಂದ ಗುಜರಿಯವನು
ಬರಲಿಲ್ಲ.
ಬೂಸಾ ಬಕೆಟ್ಟು ಇಡಲು
ಎತ್ತರ ಸರಿಯಾಗಿತ್ತು.

ಮಗ್ಗುಲು ಸೀಳಿದ್ದನ್ನು ಕಂಡಿದ್ದೆ,
ಅಲ್ಲಿ ಹತ್ತಿಕೊಂಡ ಬೂದಿಯಂಥ ಪುಡಿಯನ್ನೂ.
ಗಂಗೆಯ ಕರು ದಿನಾ ಅತ್ತಲೇ ಹಗ್ಗ ಜಗ್ಗುತ್ತಿತ್ತು,
ಮೂತಿ ಎತ್ತಿದರೆ ನರೆಮೀಸೆ ಬಂದ ಹಾಗೆ.
ನಕ್ಕಿದ್ದೆ. ಫೋಟೋ ಕೂಡ ತೆಗೆದಿದ್ದೆ.

ಆಮೇಲೊಂದು ಬೆಳಿಗ್ಗೆ
ಅದು ಗೋಡೆಗೆ ಹಣೆ ಒತ್ತಿ ನಿಂತಿತ್ತು,
ಗೋಡೆಯಾಚೆ ಯಾರೋ ಕರೆದಂತೆ.
ಹಲ್ಲು ಕಡಿಯುವ ಸದ್ದು:
ಕಾಳು ಹಾಕದ ರಾಗಿಕಲ್ಲು ಬರಿದೇ ತಿರುಗಿದಂತೆ.
ಕಣ್ಣೆದುರು ಕೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ.
ಕಣ್ಣೇನೋ ತೆರೆದೇ ಇತ್ತು,
ನನ್ನ ಮುಖ ಅದರಲ್ಲಿ ಕಾಣುತ್ತಲೂ ಇತ್ತು.

"ಹುಚ್ಚುನಾಯಿ ಕಚ್ಬುಟ್ಟದೆ, ದೂರ ನಿಂತ್ಕೊ" ಅಂದ ಬೋರಯ್ಯ.
ಅತ್ತೆ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು.
ಘಾಟು ಬರಲಿಲ್ಲ ನೋಡು, ದೃಷ್ಟಿಯೇ, ಎಂದರು.

ಪಾಂಡವಪುರದಿಂದ ಬಂದ ಡಾಕ್ಟರಮ್ಮ
ಕರುವಿಗಿಂತ ಹೆಚ್ಚು ಹೊತ್ತು ಕೊಟ್ಟಿಗೆಯನ್ನು ನೋಡಿದಳು.
ಬಕೆಟ್ಟು ಎತ್ತಿದಳು.
"ಸೀಸ. ಸಿಹಿ ಇರ್ತದೆ ಕಣಮ್ಮ ಇದು,
ಒಂದ್ಸಲ ರುಚಿ ಹತ್ತಿದ್ರೆ ಬಿಡಲ್ಲ."

ಸಿಹಿ.
ಕಬ್ಬಿನ ಲಾರಿಯ ಹಿಂದೆ ಓಡಿ
ಉದುರಿದ ಜಲ್ಲೆ ಸಿಗಿದು ಬೆಳೆದವಳು ನಾನು,
ಆಲೆಮನೆಯ ಕೊಪ್ಪರಿಗೆಯನ್ನು ಬೆರಳಲ್ಲಿ ಬಳಿದವಳು.
ಕರುವಿನ ತಪ್ಪು ಹುಡುಕಲು ಹೋದರೆ
ನನ್ನ ನಾಲಿಗೆಯೇ ಸಿಕ್ಕಿತು.

ಮೂರನೇ ದಿನ ಹೋಯಿತು.
ಆಳ ತೋಡಿದೆವು, ನಾಲೆಯಿಂದ ದೂರ.
ಗಂಗೆಯೂ ಅದೇ ಮೂಲೆಗೆ ಬಾಯಿ ಹಾಕಿದವಳು.
ನಿಂತಿದ್ದಾಳೆ, ಮೆಲುಕು ಹಾಕುತ್ತಾಳೆ,
ಕರುವಿಲ್ಲದ ಕಡೆಗೆ ಕಿವಿ ತಿರುಗಿಸುತ್ತಾಳೆ.
ರಕ್ತ ಪರೀಕ್ಷೆಗೆ ಹೋಗಿದೆ,
ಉತ್ತರ ಬರುವ ತನಕ ಹಾಲು ಹಾಕುವಂತಿಲ್ಲ.
ಕೆಚ್ಚಲಿಗೆ ಇದನ್ನು ಯಾರು ಹೇಳುವುದು?

ಡೈರಿಯ ಸೆಕ್ರೆಟರಿ ಶಿವನಂಜ ರಿಜಿಸ್ಟರು ತಿರುವಿದ.
"ಹೋದ ವಾರದ್ದೆಲ್ಲ ಚೆಂದಾಗೇ ಬಂದದಲ್ಲವ್ವ,
ಫ್ಯಾಟು ನಾಕು ಪಾಯಿಂಟ್ ಎರಡು.
ಊರ ಹಾಲ್ನಲ್ಲಿ ನಿಂದ್ಯಾವ ಲೆಕ್ಕ, ಬೆರ್ತೋಯ್ತದೆ."
ನೀರು ಬೆರೆಸಿದರೆ ಹಿಡಿಯುವ ಯಂತ್ರ ಅದು.
ನಾನು ಎಂದೂ ನೀರು ಬೆರೆಸಿದವಳಲ್ಲ.

ಈಗ ಕರೆದ ಎಂಟು ಲೀಟರು ಹಿಡಿದು
ಹಿತ್ತಲಲ್ಲಿ ನಿಂತಿದ್ದೇನೆ.
ತೆಂಗಿನ ಬುಡಕ್ಕೆ? ಎಳನೀರು ಕುಡಿಯುವವರಿದ್ದಾರೆ.
ಮೋರಿಗೆ? ಮೋರಿ ನಾಲೆಗೆ,
ನಾಲೆ ಯಾರ ಗದ್ದೆಗೋ.
ಬೆಕ್ಕು ಕಾಲಿಗೆ ಸುತ್ತಿ ಸುತ್ತಿ ಕೂಗುತ್ತದೆ.

ಒಳಗೆ ಮಗಳು ಕ್ಯಾಲೆಂಡರಿನ ಮುಂದೆ,
ಕೈಯಲ್ಲಿ ಪೆನ್ಸಿಲ್ಲು.
"ಬ್ಯಾಟರಿ ಇಟ್ಟು ಇಪ್ಪತ್ಮೂರು ದಿನ ಅವ್ವ.
ನಂಗೆ ದಿನಾ ಎರಡು ಲೋಟ."
ಸ್ವಲ್ಪ ಹೊತ್ತು ಬಿಟ್ಟು,
"ಕಾಫಿಗೆ ಹಾಕಿದ್ದೂ ಎಣಿಸ್ಲಾ?"