ಡುಬ್ಬು ಬಂದ ವಾರ

ಮೊದಲನೇ ಪಿಕ್ಚರಿನಲ್ಲಿ ಅದು ಇದ್ದದ್ದು ನಾಲ್ಕೇ ನಿಮಿಷ.
ಹೀರೋ ನಲವತ್ತು ಜನರನ್ನು ಉರುಳಿಸಿ
ಬೆವರು ಒರೆಸಿಕೊಳ್ಳುವಾಗ
ಹಿಂದಿನಿಂದ ಬಂದ ಮರಿಯಾನೆ
ಜೇಬಿನ ಬಾಳೆಹಣ್ಣು ಎಗರಿಸುತ್ತದೆ. ಅಷ್ಟೆ.
ಆ ಬಾಳೆಹಣ್ಣಿಗೆ ಬಿದ್ದ ಶಿಳ್ಳೆ
ಹೀರೋನ ಒದೆಗೂ ಬೀಳಲಿಲ್ಲ.
ಸಿದ್ದಾಪುರದ ಈ ತಗಡಿನ ಟಾಕೀಸಿನಲ್ಲಿ
ಇಪ್ಪತ್ತಾರು ವರ್ಷದಿಂದ ಟಿಕೆಟ್ ಹರಿಯುವವ ನಾನು,
ಈ ಕಿವಿಯಲ್ಲೇ ಕೇಳಿದ್ದು.

ಶಿಳ್ಳೆ ಎಲ್ಲಿಗೋ ತಲುಪಿರಬೇಕು.
ಎರಡು ವರ್ಷಕ್ಕೆ ಬಂತು ಡುಬ್ಬುವಿನದೇ ಪಿಕ್ಚರು,
ಪೂರಾ ಕಾರ್ಟೂನು:
ನೀಲಿ ಕಿವಿ, ಗುಂಡು ಹೊಟ್ಟೆ,
ಮದುಮಗಳಿಗೂ ಇಲ್ಲದಷ್ಟು ಉದ್ದದ ರೆಪ್ಪೆ.
ಪೋಸ್ಟರಿನಲ್ಲಿ ಮಾತ್ರ
ಆನೆಗಿಂತ ಹೀರೋನ ಮುಖವೇ ದೊಡ್ಡದು.

ಶುಕ್ರವಾರ ಅಭಿಮಾನಿಗಳು ಬಂದರು,
ಬೈಕು ಹಾರಿಸಿಕೊಂಡು, ಹಾಲಿನ ಪ್ಯಾಕೆಟ್ಟು ಹಿಡಿದು.
ಹೀರೋನ ದನಿ ಬಂದದ್ದು ಎರಡು ಸಲ:
‘ಬಾ ಮರೀ’, ‘ಹೋಗು ಮರೀ.’
ಇಂಟರ್‌ವಲ್ಲಿಗೆ ದೀಪಕ್ ಬೋಪಯ್ಯ
ನನ್ನ ಕಾಲರಿಗೆ ಕೈಹಾಕಿ
‘ದುಡ್ಡು ವಾಪಸ್ ಕೊಡು, ಇದು ಮಕ್ಕಳದ್ದು’ ಎಂದ.
ಕೊಡಲಿಲ್ಲ. ಹೋಗುವಾಗ ಹಾಲು ಮರೆತರು.
ಆ ಸಂಜೆ ನಮಗೆಲ್ಲ ಗಟ್ಟಿ ಚಹಾ.

ಶನಿವಾರ ಸಂಜೆಯ ಆಟ ರದ್ದು.
ಅರಣ್ಯದವರ ಮೆಸೇಜು:
ಮಾಲ್ದಾರೆ ರಸ್ತೆಯಲ್ಲಿ ಒಂಟಿ ಸಲಗ, ಯಾರೂ ಹೊರಡಬೇಡಿ.
ಗಲ್ಲಾಪೆಟ್ಟಿಗೆ ಮುಚ್ಚುತ್ತ ಓನರ್ ಚೀಯಣ್ಣ:
‘ನೋಡು ಸೂಫಿ,
ಕಾಸು ತರುವ ಆನೆಯನ್ನು
ಕಾಸಿಲ್ಲದ ಆನೆ ಅಟ್ಟಿಬಿಟ್ಟಿತು.’

ಭಾನುವಾರ ದಮಯಂತಿ ಟೀಚರು, ಮೂವತ್ತೆರಡು ಮಕ್ಕಳು.
ನಗು ಬರುವ ಮೊದಲೇ ನಕ್ಕು ಮುಗಿಸಿದರು.
ಒಬ್ಬ ನನ್ನ ಅಂಗಿ ಜಗ್ಗಿ ಕೇಳಿದ:
‘ಇಷ್ಟು ತಿಂದರೂ ಇದು ಲದ್ದಿ ಹಾಕಲ್ವಾ?’
ಸುಬೇದಾರ್ ಮಾದಪ್ಪನವರು
ಮುಂಗಾಲಿಗೆ ಮೂರೇ ಉಗುರೆಂದು ಸಿಟ್ಟಾಗಿ
ಹಾಗೆಯೇ ನಿದ್ದೆ ಹೋದರು.
ಮಡಿಕೇರಿಯ ಪೇಪರಿನವನು ಬರೆದ:
ಬಣ್ಣ ಇದೆ, ಕತೆ ಇಲ್ಲ. ಎರಡು ಸ್ಟಾರು.

ಸೋಮವಾರ ಅರ್ಧ ರೇಟು, ಲೈನ್‌ಮನೆ ಮಕ್ಕಳಿಗೆ.
ಅಸ್ಸಾಮಿನವರು ಒಂದಕ್ಷರ ತಿಳಿಯದೆಯೂ
ಕುರ್ಚಿ ಮುರಿಯುವ ಹಾಗೆ ನಕ್ಕರು.
ಎರವರ ಕುಳ್ಳನ ಮಗಳು ಪಾಲಿ
ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು
ನಡುವಿನ ಸಾಲಿನಲ್ಲಿ.

ಡುಬ್ಬು ಆನೆಕಂದಕಕ್ಕೆ ಬಿತ್ತು.
ಚೆಂಡಿನಂತೆ ಪುಟಿದು, ನಾಲ್ಕೂ ಕಾಲು ಮೇಲೆ.
ಟಾಕೀಸಿನ ತಗಡು ಹಾರುವಷ್ಟು ನಗು.
ಪಾಲಿ ಎದ್ದು ನಿಂತಳು.
ಕೂಗಲಿಲ್ಲ. ದಾರಿ ಹೇಳುವವರ ಹಾಗೆ ಹೇಳಿದಳು:
‘ಮರಿ ಇದ್ದಲ್ಲಿ ತಾಯಿ ಇರ್ತದೆ. ನಗಬೇಡಿ. ಓಡಿ.’

ಯಾರೂ ಓಡಲಿಲ್ಲ.
ಮುಂದಿನ ಸಾಲಿನವರು ಮೆಲ್ಲಗೆ
ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡರು,
ಆಮೇಲೆ ಅದರ ಹಿಂದಿನವರು.
ನಾನು, ಐವತ್ತೆಂಟು ವಯಸ್ಸಿನವನು,
ಸದ್ದಾಗದಂತೆ ಬಾಗಿಲ ಚಿಲಕ ತೆಗೆದೆ.
ಪರದೆಯ ಮೇಲೆ ಡುಬ್ಬು ಕುಣಿಯುತ್ತಲೇ ಇತ್ತು.

ಹೋದ ಕಕ್ಕಡದಲ್ಲಿ
ಕಾಫಿ ಗಿಡಗಳ ನಡುವೆ ಕುಳ್ಳನನ್ನು ಹುಡುಕಲು ಹೊರಟವರು
ನನ್ನ ಬಳಿ ಟಾರ್ಚು ಕೇಳಿದ್ದರು.
ಇದೇ ಟಾರ್ಚು. ತಡವಾಗಿ ಬಂದವರಿಗೆ
ಸೀಟು ತೋರಿಸುವುದು.

ಆಟ ಬಿಟ್ಟ ಮೇಲೆ
ಗೇಟಿನ ಬಳಿಯ ರಟ್ಟಿನ ಡುಬ್ಬುವಿನ ಮುಂದೆ
ಅವಳು ತುಂಬ ಹೊತ್ತು ನಿಂತಳು.
ಒಂದು ಕಿವಿ ಮಡಚಿ ಹಿಂದೆ ಇಣುಕಿದಳು:
ಎರಡು ರೀಪು, ಒಂದು ತುಕ್ಕು ಮೊಳೆ.
‘ಹಿಂದೆ ಯಾರೂ ಇಲ್ಲ’ ಎಂದಳು ತಮ್ಮನಿಗೆ.
ಆಮೇಲೇ ಸೊಂಡಿಲು ಮುಟ್ಟಲು ಬಿಟ್ಟಳು.

ಬುಧವಾರ ಪಿಕ್ಚರು ತೆಗೆದೆವು.
ರಟ್ಟಿನ ಡುಬ್ಬು ಈಗ ಸೌದೆಗೆ ಮುಚ್ಚಿಗೆ.
ಎರಡನೇ ಭಾಗವೂ ಬರುತ್ತದಂತೆ.
‘ಇಲ್ಲಿ ಓಡ್ತದಾ ಸೂಫಿ?’ ಅಂದರು ಚೀಯಣ್ಣ.
ಐದರೊಳಗೆ ಬಿಟ್ಟರೆ ಓಡ್ತದೆ, ಅಂದೆ.